ತೋಟಕ್ಕೆ ಗಾಳಿತಡೆ: ಯಾವ ಮರ, ಯಾವ ದಿಕ್ಕು, ಎಷ್ಟು ದೂರ?

ತುಮಕೂರು: ಬೆಂಗಳೂರಿನಿಂದ ಸುಮಾರು 70 ಕಿ.ಮೀ. ದೂರದಲ್ಲಿರುವ ತುಮಕೂರು ಹಾಗೂ ಕುಣಿಗಲ್, ತುಮಕೂರಿನಿಂದ 20 ಕಿ.ಮೀ. ಪಶ್ಚಿಮಕ್ಕಿರುವ ಗುಬ್ಬಿ. ಈ ಮೂರೂ ತಾಲ್ಲೂಕುಗಳಲ್ಲಿ ಒಂದೆರಡು ಎಕರೆ ಜಮೀನು ಕೊಂಡು, ವಾರಾಂತ್ಯಕ್ಕೆಂದು ಪುಟ್ಟ ತೋಟ ಮಾಡುವ ಹಂಬಲ ಅನೇಕ ನಗರವಾಸಿಗಳದು. ಇಂತಹವರು ಸಾಮಾನ್ಯವಾಗಿ ಮೊದಲು ಕೊಳವೆಬಾವಿ ಕೊರೆಸುತ್ತಾರೆ. ನಂತರ ತಂತಿ ಬೇಲಿ, ಆಮೇಲೆ ತೆಂಗು, ಅಡಿಕೆ, ಬಾಳೆ ಸಸಿಗಳು. ಗಾಳಿತಡೆಯ ನೆನಪಾಗುವುದು ಬೇಸಿಗೆಯ ಒಂದು ಸಂಜೆ ಬೀಸಿದ ಬಿರುಗಾಳಿಗೆ ಗೊನೆ ಹೊತ್ತ ಬಾಳೆ ಸಾಲು ನೆಲ ಕಚ್ಚಿದ ಮೇಲೆಯೇ.

ವಾಸ್ತವದಲ್ಲಿ ಈ ಕ್ರಮ ತಿರುವುಮುರುವಾಗಬೇಕು. ಗಾಳಿತಡೆ ಮೊದಲು, ತೋಟ ನಂತರ. ಮರವೊಂದು ಗಾಳಿಯನ್ನು ತಡೆಯುವಷ್ಟು ಬೆಳೆಯಲು ಕನಿಷ್ಠ ಎರಡು-ಮೂರು ವರ್ಷ ಬೇಕು. ಅಡಿಕೆ ಸಸಿ ನೆಡುವುದಕ್ಕೆ ಒಂದೆರಡು ಮಳೆಗಾಲ ಮುಂಚೆಯೇ ಗಡಿಯಲ್ಲಿ ಮರ ನೆಟ್ಟವರಿಗೆ ಅದರ ಪ್ರಯೋಜನ ಸಕಾಲದಲ್ಲಿ ದೊರೆಯುತ್ತದೆ.

ಎರಡು ಬಗೆಯ ಗಾಳಿ

ಕೃಷಿ ಹವಾಮಾನ ವಿಂಗಡಣೆಯ ಪ್ರಕಾರ ತುಮಕೂರು ಮತ್ತು ಗುಬ್ಬಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ, ಕುಣಿಗಲ್ ತಾಲ್ಲೂಕು ದಕ್ಷಿಣ ಒಣ ವಲಯಕ್ಕೆ ಸೇರುತ್ತವೆ. ಎರಡೂ ಕಡೆ ತೋಟಗಳಿಗೆ ಹಾನಿ ಮಾಡುವ ಗಾಳಿ ಎರಡು ಬಗೆಯದು.

ಮೊದಲನೆಯದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನೈರುತ್ಯ ಮುಂಗಾರಿನ ಗಾಳಿ. ಜನರ ಮಾತಿನಲ್ಲಿ ಇದು ಆಷಾಢದ ಗಾಳಿ. ಪಶ್ಚಿಮ ಮತ್ತು ನೈರುತ್ಯ ದಿಕ್ಕಿನಿಂದ ವಾರಗಟ್ಟಲೆ ಎಡೆಬಿಡದೆ ಬೀಸುವ ಇದು ಬಾಳೆಯ ಎಲೆಗಳನ್ನು ಸೀಳುತ್ತದೆ, ಎಳೆಯ ಸಸಿಗಳನ್ನು ಅಲುಗಾಡಿಸಿ ಬೇರು ಸಡಿಲಗೊಳಿಸುತ್ತದೆ. ಮಳೆ ಕಡಿಮೆಯಾದ ದಿನಗಳಲ್ಲಿ ಮಣ್ಣಿನ ತೇವವನ್ನೂ ಹೀರುತ್ತದೆ. ದಿಕ್ಕು ಖಚಿತವಾಗಿರುವುದರಿಂದ ಇದನ್ನು ತಡೆಯುವುದು ಸಾಧ್ಯ.

ಎರಡನೆಯದು ಏಪ್ರಿಲ್-ಮೇ ತಿಂಗಳ ಮುಂಗಾರು ಪೂರ್ವ ಗುಡುಗು ಮಳೆಯ ಬಿರುಗಾಳಿ. ಕೆಲವೇ ನಿಮಿಷ ಇದ್ದು ಹೋಗುವ ಇದಕ್ಕೆ ನಿಶ್ಚಿತ ದಿಕ್ಕಿಲ್ಲ. ಒಮ್ಮೊಮ್ಮೆ ಆಲಿಕಲ್ಲನ್ನೂ ಹೊತ್ತು ತರುತ್ತದೆ. ಇದರ ಎದುರು ಯಾವ ಗಾಳಿತಡೆಯೂ ಪೂರ್ಣ ರಕ್ಷಣೆ ನೀಡಲಾರದು. ಹೊಡೆತವನ್ನು ತಗ್ಗಿಸಬಹುದು ಅಷ್ಟೆ. ಆದ್ದರಿಂದ ಬಾಳೆಗೆ ಊರುಗೋಲು ಕೊಡುವ ಪದ್ಧತಿಯನ್ನು ಗಾಳಿತಡೆ ಇರುವವರೂ ಕೈಬಿಡುವಂತಿಲ್ಲ.

ಗೋಡೆಯಲ್ಲ, ಜರಡಿ

ಗಾಳಿಯನ್ನು ತಡೆಯಲು ಎತ್ತರದ ಕಾಂಪೌಂಡ್ ಗೋಡೆ ಸಾಕು ಎಂಬ ಭಾವನೆ ಸಾಮಾನ್ಯ. ಇದು ಸರಿಯಲ್ಲ. ಗಟ್ಟಿ ಗೋಡೆಗೆ ಬಡಿದ ಗಾಳಿ ಅದರ ಮೇಲಿನಿಂದ ಹಾರಿ, ಆಚೆ ಬದಿಯಲ್ಲಿ ಸುಳಿಯಾಗಿ ಕೆಳಗಿಳಿಯುತ್ತದೆ. ಗೋಡೆಯಿಂದ ಸ್ವಲ್ಪ ದೂರದಲ್ಲಿರುವ ಗಿಡಗಳು ಈ ಸುಳಿಗೆ ಸಿಕ್ಕಿ ನಲುಗುತ್ತವೆ. ಬದಲಿಗೆ ಗಾಳಿಯ ಒಂದು ಪಾಲನ್ನು ಹಾಯಗೊಟ್ಟು, ಅದರ ವೇಗವನ್ನು ಮುರಿಯುವ ತಡೆಯೇ ಉತ್ತಮ. ಶೇ 40ರಿಂದ 50ರಷ್ಟು ಸಂದುಗಳಿರುವ ಮರಸಾಲು ಹೆಚ್ಚು ದೂರದವರೆಗೆ ರಕ್ಷಣೆ ನೀಡುತ್ತದೆ ಎಂಬುದು ಈ ವಿಷಯದ ಅಧ್ಯಯನಗಳಿಂದ ಸ್ಥಿರಪಟ್ಟ ಸಂಗತಿ.

ಅಳತೆಗೋಲು ಮರದ ಎತ್ತರ. ಗಾಳಿಯ ಆಚೆ ಬದಿಯಲ್ಲಿ ಎತ್ತರದ ಸುಮಾರು ಹತ್ತು ಪಟ್ಟು ದೂರದವರೆಗೆ ಉತ್ತಮ ರಕ್ಷಣೆ ದೊರೆಯುತ್ತದೆ. ಮುಂದೆ ಹೋದಂತೆ ಅದು ಕ್ಷೀಣಿಸುತ್ತದೆ. ಚೌಕಾಕಾರದ ಒಂದು ಎಕರೆಯ ಬದಿ ಸುಮಾರು 209 ಅಡಿ. ಅಂದರೆ 20 ಅಡಿ ಎತ್ತರದ ಮರಸಾಲು ಒಂದು ಎಕರೆಯ ಆಳವನ್ನು, 40 ಅಡಿಯದು ಎರಡು ಎಕರೆಯ ಆಳವನ್ನು ಹೆಚ್ಚುಕಡಿಮೆ ಕಾಯುತ್ತದೆ. ಆದರೆ ಈ ಲೆಕ್ಕ ಬಾಳೆ, ತರಕಾರಿ ಹಾಗೂ ಎಳೆಯ ತೋಟಗಳಿಗೆ ಅನ್ವಯಿಸುತ್ತದೆ. ಅಡಿಕೆ ಮರಗಳೇ 40 ಅಡಿ ಮೀರಿ ಬೆಳೆದಾಗ ಅವುಗಳ ಸುಳಿಗೆ ಅಷ್ಟೇ ಎತ್ತರದ ಸಾಲಿನಿಂದ ಸಿಗುವ ಆಸರೆ ಅಲ್ಪ.

ಸಾಲಿನ ನಡುವೆ ಖಾಲಿ ಜಾಗ ಬಿಡಬಾರದು ಎಂಬುದು ಇನ್ನೊಂದು ಮುಖ್ಯ ಅಂಶ. ನಾಲ್ಕು ಮರ ಸತ್ತ ಕಡೆ ಗಾಳಿ ಕೊಳವೆಯಲ್ಲಿ ನುಗ್ಗಿದಂತೆ ಇನ್ನಷ್ಟು ವೇಗದಿಂದ ಒಳಬರುತ್ತದೆ. ತೋಟದ ಗೇಟು ಪಶ್ಚಿಮ ಬದಿಯಲ್ಲಿದ್ದರೆ ಅದರ ಒಳಭಾಗದಲ್ಲಿ ಅಡ್ಡಲಾಗಿ ಒಂದು ಚಿಕ್ಕ ಸಾಲು ನೆಡುವುದು ಜಾಣತನ.

ಯಾವ ಮರ ಸೂಕ್ತ?

ಗಾಳಿ ಮರ ಎಂದೇ ಹೆಸರಾದ ಸರ್ವೆ ಮರ ಈ ಕೆಲಸಕ್ಕೆ ಮೊದಲ ಆಯ್ಕೆ. ಸೂಜಿಯಂತಹ ಎಳೆಗಳು ಗಾಳಿಯನ್ನು ಜರಡಿಯಂತೆ ಸೋಸುತ್ತವೆ. ಬೇರಿನ ಗಂಟುಗಳಲ್ಲಿರುವ ಫ್ರಾಂಕಿಯಾ ಎಂಬ ಸೂಕ್ಷ್ಮಜೀವಿಯ ನೆರವಿನಿಂದ ಇದು ವಾತಾವರಣದ ಸಾರಜನಕವನ್ನು ಹಿಡಿದಿಡುತ್ತದೆ. ಕೊಯಮತ್ತೂರಿನಲ್ಲಿರುವ ಕೇಂದ್ರ ಸರ್ಕಾರದ ಅರಣ್ಯ ತಳಿ ಸಂಶೋಧನಾ ಸಂಸ್ಥೆಯು ಗಾಳಿತಡೆಗೆಂದೇ ಸರ್ವೆಯ ವಿಶೇಷ ತಳಿಗಳನ್ನು ಅಭಿವೃದ್ಧಿಪಡಿಸಿದೆ. ಸಾಮಾನ್ಯ ಸರ್ವೆಯ ದೌರ್ಬಲ್ಯವೆಂದರೆ ಒತ್ತಾಗಿ ನೆಟ್ಟಾಗ ಕೆಳಗಿನ ರೆಂಬೆಗಳು ಒಣಗಿ ಉದುರಿ, ಬುಡ ಬರಿದಾಗುವುದು. ಆಗ ಗಾಳಿ ಕೆಳಗಿನಿಂದ ನುಸುಳುತ್ತದೆ.

ಇದಕ್ಕೆ ಪರಿಹಾರ ಎರಡು ಸಾಲು. ಹೊರಸಾಲಿನಲ್ಲಿ ಗೊಬ್ಬರದ ಗಿಡ ಎನಿಸಿದ ಗ್ಲಿರಿಸಿಡಿಯಾ, ಒಳಸಾಲಿನಲ್ಲಿ ಐದಾರು ಅಡಿ ಅಂತರದಲ್ಲಿ ಸರ್ವೆ. ಎರಡೂ ಸಾಲಿನ ಗಿಡಗಳು ಎದುರುಬದುರಾಗದೆ ತ್ರಿಕೋನಾಕಾರದಲ್ಲಿರಬೇಕು. ಗ್ಲಿರಿಸಿಡಿಯಾ ಸವರಿದಷ್ಟೂ ಬುಡದಿಂದ ಪೊದೆಯಾಗಿ ಚಿಗುರುತ್ತದೆ. ಸವರಿದ ಸೊಪ್ಪು ತೋಟಕ್ಕೆ ಹಸಿರೆಲೆ ಗೊಬ್ಬರ.

ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಅದರ ಮೇಲೆ ಮೆಣಸಿನ ಬಳ್ಳಿ ಹಬ್ಬಿಸಬಹುದು. ಆದರೆ ಜೋರು ಗಾಳಿಗೆ ಇದರ ರೆಂಬೆಗಳು ಮುರಿಯುವುದುಂಟು. ಹೆಬ್ಬೇವು ಮರದ ಬೆಲೆಗಾಗಿ ಆಕರ್ಷಕ; ಎಲೆ ಉದುರುವ ಕಾಲದಲ್ಲಿ ಗಾಳಿತಡೆಯಾಗಿ ದುರ್ಬಲ. ನುಗ್ಗೆಯ ಕೊಂಬೆ ಪೆಡಸು, ಹೊರಸಾಲಿಗೆ ಯೋಗ್ಯವಲ್ಲ. ಬಿದಿರು ಬಾಗುತ್ತದೆಯೇ ಹೊರತು ಮುರಿಯುವುದಿಲ್ಲ. ಆದರೆ ಬೇರಿನ ಹರವು ದೊಡ್ಡದಾದ್ದರಿಂದ ತೋಟದಿಂದ ದೂರವಿಡಬೇಕು.

ನಿಧಾನವಾದರೂ ಬಹುಕಾಲ ನಿಲ್ಲುವ ಮರ ಬಯಸುವವರಿಗೆ ಹಲಸು, ನೇರಳೆ, ಹುಣಸೆ, ಹೊಂಗೆ ಇವೆ. ಗುಬ್ಬಿ ತಾಲ್ಲೂಕಿನ ಚೇಳೂರು ಹಲಸಿಗೆ ಹೆಸರಾದ ಊರು. ಕೆಂಪು ತೊಳೆಯ ‘ಸಿದ್ದು’ ಹಲಸು ಬೆಳಕಿಗೆ ಬಂದದ್ದು ಅಲ್ಲಿಂದಲೇ. ಸರ್ವೆಯ ಮರೆಯಲ್ಲಿ ಇಂತಹ ಕಸಿ ಹಲಸಿನ ಸಾಲು ನೆಟ್ಟರೆ, ಮುಂದೆ ಸರ್ವೆ ಕಡಿದಾಗಲೂ ತೋಟ ಬಯಲಾಗದು.

ಅಡಿಕೆಗೆ ಪಡುವಣ ಬಿಸಿಲೂ ಶತ್ರು

ಅಡಿಕೆ ಬೆಳೆಗಾರರಿಗೆ ಪಶ್ಚಿಮದ ಮರಸಾಲಿನಿಂದ ಇನ್ನೊಂದು ಲಾಭವಿದೆ. ಮಧ್ಯಾಹ್ನದ ನಂತರದ ಓರೆ ಬಿಸಿಲು ಕಾಂಡದ ನೈರುತ್ಯ ಬದಿಗೆ ನೇರವಾಗಿ ಬಿದ್ದು ಸುಡುತ್ತದೆ. ಸುಟ್ಟ ಜಾಗ ಬಿರಿದು, ಮರ ದುರ್ಬಲವಾಗಿ, ಮುಂದೆ ಬಿರುಗಾಳಿಗೆ ಅಲ್ಲಿಯೇ ಮುರಿಯುತ್ತದೆ. ಕಾಂಡಕ್ಕೆ ಸುಣ್ಣ ಬಳಿಯುವುದು, ಅಡಿಕೆ ಹಾಳೆ ಅಥವಾ ತೆಂಗಿನ ಗರಿ ಕಟ್ಟುವುದು ರೂಢಿಯಲ್ಲಿರುವ ಕ್ರಮ. ದಕ್ಷಿಣ ಮತ್ತು ಪಶ್ಚಿಮ ಬದಿಯ ಮರಸಾಲು ಈ ಕೆಲಸವನ್ನು ಇಡೀ ತೋಟಕ್ಕೆ ಮಾಡುತ್ತದೆ.

ಕಾನೂನು, ನೆರೆಹೊರೆ

ನೆಡುವ ಮುನ್ನವೇ ಕಡಿಯುವ ದಿನದ ಯೋಚನೆ ಇರಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976ರ ಅಡಿ ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದವು ಕಡಿಯಲು ಅನುಮತಿ ಬೇಡದ ಪಟ್ಟಿಯಲ್ಲಿವೆ. ಭಾರತೀಯ ಅರಣ್ಯ ಕಾಯ್ದೆಗೆ 2017ರಲ್ಲಿ ಮಾಡಿದ ತಿದ್ದುಪಡಿಯಿಂದ ಬಿದಿರನ್ನು ‘ಮರ’ದ ವ್ಯಾಖ್ಯೆಯಿಂದ ಕೈಬಿಡಲಾಗಿದೆ. ನೀಲಗಿರಿ ಹೊಸದಾಗಿ ನೆಡುವುದನ್ನು ನಿಷೇಧಿಸಿ ರಾಜ್ಯ ಸರ್ಕಾರ 2017ರಲ್ಲಿ ಆದೇಶ ಹೊರಡಿಸಿತು. ಅಂತರ್ಜಲದ ದೃಷ್ಟಿಯಿಂದಲೂ ಕೊಳವೆಬಾವಿ ನಂಬಿದ ತೋಟಕ್ಕೆ ಅದು ತಕ್ಕುದಲ್ಲ.

ಅರಣ್ಯ ಇಲಾಖೆ 2011-12ರಲ್ಲಿ ಆರಂಭಿಸಿದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕುಳಿದ ಗಿಡಗಳಿಗೆ ಪ್ರೋತ್ಸಾಹಧನ ನೀಡುವ ವ್ಯವಸ್ಥೆ ಮಾಡಲಾಯಿತು. ಆದರೆ ಸರ್ವೆ, ಸಿಲ್ವರ್ ಓಕ್‌ನಂತಹ ಶೀಘ್ರ ಬೆಳೆಯುವ ಜಾತಿಗಳನ್ನು ಅದರಿಂದ ಹೊರಗಿಡಲಾಯಿತು. ಜಾತಿ ಆಯ್ಕೆಗೆ ಮುನ್ನ ವಲಯ ಅರಣ್ಯ ಕಚೇರಿಯಲ್ಲಿ ಈ ಕುರಿತು ವಿಚಾರಿಸುವುದು ಒಳ್ಳೆಯದು. ಮಣ್ಣಿಗೆ ತಕ್ಕ ಸಲಹೆಗೆ ತುಮಕೂರು ಬಳಿಯ ಹಿರೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ.

ಬದುವಿನ ಮೇಲೆಯೇ ಮರ ನೆಟ್ಟರೆ ಜಗಳ ಖಂಡಿತ. ಪೂರ್ವಾಹ್ನದ ನೆರಳು ಪಕ್ಕದವರ ರಾಗಿ ಹೊಲದ ಮೇಲೆ ಬಿದ್ದರೆ ಅವರ ಇಳುವರಿ ಕುಸಿಯುತ್ತದೆ. ಗಡಿಯಿಂದ ಹತ್ತು ಅಡಿಯಾದರೂ ಒಳಗೆ ಸರಿದು ನೆಡಬೇಕು. ಮರಸಾಲಿಗೂ ತೋಟದ ಮೊದಲ ಸಾಲಿಗೂ 15ರಿಂದ 20 ಅಡಿ ಅಂತರವಿದ್ದು, ನಡುವೆ ಎರಡು-ಮೂರು ಅಡಿ ಆಳದ ಕಂದಕ ತೆಗೆದರೆ ಬೇರುಗಳ ಪೈಪೋಟಿ ತಗ್ಗುತ್ತದೆ. ವಿದ್ಯುತ್ ತಂತಿಯ ಕೆಳಗೆ ಎತ್ತರದ ಮರ ಸಲ್ಲದು.

ಟೆಂಟ್ ಹಾಕುವವರಿಗೆ

ತೋಟದಲ್ಲಿ ಟೆಂಟ್ ಹಾಕಿ ರಾತ್ರಿ ತಂಗುವವರಿಗೂ ಇದೇ ಸೂತ್ರ ಅನ್ವಯಿಸುತ್ತದೆ. ಟಾರ್ಪಾಲಿನ್ ಕಟ್ಟಿದರೆ ಅದು ಹಾಯಿಯಂತೆ ಉಬ್ಬಿ ಗೂಟವನ್ನೇ ಕಿತ್ತೊಯ್ಯುತ್ತದೆ. ಗಾಳಿ ಹಾಯುವ ಹಸಿರು ನೆರಳು ಬಲೆ, ಬಿದಿರಿನ ತಟ್ಟಿ ಅಥವಾ ಹೆಣೆದ ತೆಂಗಿನ ಗರಿಯನ್ನು ಆಳವಾಗಿ ನೆಟ್ಟ ಗಳುಗಳಿಗೆ ಬಿಗಿಯುವುದು ಮೇಲು. ಇದಕ್ಕಿಂತ ಮುಖ್ಯ, ತೆಂಗಿನ ಮರದ ಕೆಳಗೆ ಟೆಂಟ್ ಹಾಕಬಾರದು. ಕಾಯಿ, ಒಣ ಗರಿ ಯಾವ ಗಳಿಗೆಯಲ್ಲಾದರೂ ಬೀಳಬಹುದು. ಗುಡುಗು ಮಳೆಯ ಮುನ್ಸೂಚನೆಯಿದ್ದ ದಿನ ಒಂಟಿ ಮರದಡಿ ಅಥವಾ ಟೆಂಟ್‌ನಲ್ಲಿ ತಂಗದೆ ಮನೆಯೊಳಗೆ ಆಶ್ರಯ ಪಡೆಯುವುದೇ ಕ್ಷೇಮ.

ಒಮ್ಮೆಲೇ ಕಡಿಯಬೇಡಿ

ಅಮೆರಿಕದ ಬಯಲು ಸೀಮೆಯಲ್ಲಿ ದೂಳಿನ ಬಿರುಗಾಳಿ ಹೊಲಗಳನ್ನು ಹಾಳುಗೆಡವಿದಾಗ ಅಲ್ಲಿನ ಸರ್ಕಾರ 1935ರಿಂದ 1942ರ ಅವಧಿಯಲ್ಲಿ ಸುಮಾರು 22 ಕೋಟಿ ಮರಗಳನ್ನು ಗಾಳಿತಡೆ ಸಾಲುಗಳಾಗಿ ನೆಡಿಸಿತು. ಎಕರೆ ಎರಡೆಕರೆಯ ತೋಟಕ್ಕೂ ಅದೇ ತತ್ತ್ವ ಸಾಕು, ಅಳತೆ ಮಾತ್ರ ಚಿಕ್ಕದು. ಕಟ್ಟಡ ಕಾಮಗಾರಿಗೆ ಸರ್ವೆ ಗಳುಗಳಿಗೆ ಬೇಡಿಕೆಯಿದೆ. ಐದಾರು ವರ್ಷಕ್ಕೆ ವ್ಯಾಪಾರಿ ಬಾಗಿಲಿಗೆ ಬಂದಾಗ ಇಡೀ ಸಾಲನ್ನು ಮಾರುವ ಆಸೆ ಸಹಜ. ಹಾಗೆ ಮಾಡಿದರೆ ನೆರಳು, ಮರೆಯಲ್ಲಿ ಬೆಳೆದ ಅಡಿಕೆ ಒಂದೇ ದಿನದಲ್ಲಿ ಬಿಸಿಲಿಗೂ ಗಾಳಿಗೂ ಮೈಯೊಡ್ಡುತ್ತದೆ. ಒಂದು ಬಿಟ್ಟು ಒಂದರಂತೆ ಕಡಿದು, ಖಾಲಿಯಾದ ಕಡೆ ಅದೇ ಮಳೆಗಾಲದಲ್ಲಿ ಸಸಿ ನೆಟ್ಟರೆ ಹಣವೂ ಕೈಸೇರುತ್ತದೆ, ತೋಟವೂ ಉಳಿಯುತ್ತದೆ.