ಶುಂಠಿಯಂತೆ ಹಬ್ಬುವ ವಿದ್ಯೆ

ವಿದ್ಯೆಯನ್ನು ಮರಕ್ಕೆ ಹೋಲಿಸುವುದು ನಮ್ಮ ರೂಢಿ. ಮೊದಲು ಬೇರು ಗಟ್ಟಿಯಾಗಬೇಕು, ಕಾಂಡ ನೆಟ್ಟಗೆ ಏಳಬೇಕು, ಆಮೇಲೆ ಕೊಂಬೆ, ಕೊನೆಗೆ ಫಲ. ಶಾಲೆಯ ಪಾಠಪಟ್ಟಿಯೂ ಇದೇ ಕ್ರಮದಲ್ಲಿದೆ. ಆದರೆ ವಿದ್ಯೆ ಮರದಂತಲ್ಲ, ಶುಂಠಿಯಂತೆ ಎಂದು ವಾದಿಸುವವರಿದ್ದಾರೆ. ಮನೆಯ ಚಾವಡಿಯಲ್ಲೇ ಕುಳಿತು ಯಾವ ದೇಶದ ಕೋರ್ಸಿಗಾದರೂ ಸೇರಬಹುದಾದ ಈ ಕಾಲದಲ್ಲಿ ಅವರ ವಾದವೇನೆಂದು ನಾವು ತಿಳಿದಿರುವುದು ಒಳ್ಳೆಯದು.

ಶುಂಠಿ, ಅರಸಿನಗಳ ಗಡ್ಡೆ ಬೇರಲ್ಲ; ಅದು ನೆಲದೊಳಗೆ ಅಡ್ಡಕ್ಕೆ ಹಬ್ಬುವ ಕಾಂಡ. ಸಸ್ಯಶಾಸ್ತ್ರದಲ್ಲಿ ಅದಕ್ಕೆ ರೈಜೋಮ್ ಎಂದು ಹೆಸರು. ಕಣ್ಣಿರುವ ಒಂದು ತುಂಡನ್ನು ಮುರಿದು ನೆಟ್ಟರೂ ಹೊಸ ಗಿಡ ಏಳುತ್ತದೆ. ಜ್ಞಾನಕ್ಕೆ ಮರಕ್ಕಿಂತ ಈ ಗಡ್ಡೆಯ ಹೋಲಿಕೆಯೇ ಸರಿ ಎಂದವರು ಫ್ರಾನ್ಸಿನ ತತ್ತ್ವಜ್ಞಾನಿ ಜೀಲ್ ದೆಲ್ಯೂಜ್ ಮತ್ತು ಮನೋವಿಶ್ಲೇಷಕ ಫೆಲಿಕ್ಸ್ ಗತಾರಿ. ಅವರ ಗ್ರಂಥ ಹೊರಬಂದದ್ದು ೧೯೮೦ರಲ್ಲಿ. ಆ ಮಾತನ್ನು ೨೦೦೮ರಲ್ಲಿ ಶಿಕ್ಷಣಕ್ಕೆ ಅನ್ವಯಿಸಿದವರು ಕೆನಡಾದ ಡೇವ್ ಕಾರ್ಮಿಯರ್. ವಿಷಯವೇ ದಿನದಿನಕ್ಕೆ ಬದಲಾಗುತ್ತಿರುವಾಗ ತಜ್ಞರು ಪಾಠಪಟ್ಟಿಯನ್ನು ಮೊದಲೇ ಬರೆದಿಟ್ಟು ಪ್ರಯೋಜನವಿಲ್ಲ. ಕಲಿಯಲು ಕೂಡಿದ ಜನಸಮೂಹವೇ ಪಾಠಪಟ್ಟಿ ಎಂಬುದು ಅವರ ವಾದ.

ಅದೇ ವರ್ಷ ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಸೀಮೆನ್ಸ್ ಮತ್ತು ಸ್ಟೀಫನ್ ಡೌನ್ಸ್ ಒಂದು ಕೋರ್ಸನ್ನು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟರು. ಶುಲ್ಕ ಕೊಟ್ಟವರು ಸುಮಾರು ೨೫ ಮಂದಿ. ಉಚಿತವಾಗಿ ಸೇರಿದವರು ಸುಮಾರು ೨,೨೦೦. ಇಂಥ ಕೋರ್ಸುಗಳಿಗೆ ಆಗಲೇ ‘ಮೂಕ್’ ಎಂಬ ಹೆಸರು ಬಂತು. ಹೆಸರು ಮೂಕ್ ಆದರೂ ಅಲ್ಲಿ ಮಾತೇ ಬಂಡವಾಳ. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಓದಿ, ಒಪ್ಪಿ, ತಕರಾರೆತ್ತಿ ಮುಂದುವರಿಸುವುದೇ ಕಲಿಕೆ.

೨೦೧೪ರಲ್ಲಿ ಕಾರ್ಮಿಯರ್ ಸ್ವತಃ ಆರು ವಾರಗಳ ಕೋರ್ಸು ನಡೆಸಿದರು. ನಿಗದಿತ ಪಠ್ಯವಿರಲಿಲ್ಲ, ವಾರಕ್ಕೊಂದು ಚರ್ಚಾ ವಿಷಯ ಮಾತ್ರ. ಮೊದಲ ವಾರದ ವಿಷಯ, ನಕಲು ಮಾಡುವುದೂ ಕಲಿಕೆಯೇ ಎಂಬುದು! ಪುಸ್ತಕಗಳು ನಮ್ಮನ್ನು ದಡ್ಡರನ್ನಾಗಿಸುತ್ತಿವೆಯೇ ಎಂಬುದು ಇನ್ನೊಂದು ವಾರದ್ದು. ಆರು ವಾರ ಮುಗಿದ ಮೇಲೂ ಸೇರಿದವರಲ್ಲಿ ಹಲವರು ತಾವಾಗಿ ಚರ್ಚೆ ಮುಂದುವರಿಸಿದರು. ಗಡ್ಡೆ ಹಬ್ಬಿತೆನ್ನಬೇಕು.

ಆದರೆ ಎಲ್ಲ ಕಡೆಯೂ ಹಬ್ಬಲಿಲ್ಲ. ಜೆನ್ನಿ ಮ್ಯಾಕ್‌ನೆಸ್ ಮತ್ತು ಫ್ರಾನ್ಸಿಸ್ ಬೆಲ್ ೨೦೧೫ರಲ್ಲಿ ಪ್ರಕಟಿಸಿದ ಅಧ್ಯಯನದ ಹೆಸರಿನಲ್ಲೇ ಬಿಸಿಲೂ ಇದೆ, ನೆರಳೂ ಇದೆ. ಕೆಲವರಿಗೆ ಈ ಕೋರ್ಸು ಹೊಸ ಬೆಳಕಾದರೆ ಇನ್ನು ಕೆಲವರಿಗೆ ಗುಂಪಿನ ಹೊರಗೆ ಉಳಿದ ಅನುಭವ. ಚೆನ್ನಾಗಿ ಕಲಿತ ವಯಸ್ಕರ ಪಾಡೇ ಹೀಗಾದರೆ ಎಳೆಯರ ಗತಿಯೇನು?

ಇಲ್ಲಿ ಹೆತ್ತವರು ಒಂದು ಭೇದವನ್ನು ಗಮನಿಸಬೇಕು. ೨೦೧೨ರಲ್ಲಿ ಬಂದ ಕೋರ್ಸೆರಾ, ನಮ್ಮಲ್ಲಿ ೨೦೧೭ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಸ್ವಯಂ’, ಇವುಗಳ ಕೋರ್ಸುಗಳು ಬಹುಮಟ್ಟಿಗೆ ಮರದ ಜಾತಿಯವು: ಕ್ರಮವಾದ ಪಾಠ, ಅಭ್ಯಾಸ, ಪರೀಕ್ಷೆ. ಅಲ್ಲಿ ಬಾಯಿ ಬಿಡದೆಯೂ ಪಾಸಾಗಬಹುದು. ಶುಂಠಿಯ ಜಾತಿಯ ಕೋರ್ಸಿನಲ್ಲಿ ಮಾತಾಡದವನು ಇದ್ದೂ ಇಲ್ಲದವನು.

ನಮ್ಮ ಗಡಿನಾಡ ಮಕ್ಕಳಿಗೆ ಶುಂಠಿಯ ರೀತಿ ಹೊಸತೇನಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಮರಾಠಿಯೋ ಆಡುವ ಮಗು ಮಲಯಾಳದಲ್ಲಿ ಮಾತಾಡಲು ಯಾವ ಪಾಠಪಟ್ಟಿಯಿಂದ ಕಲಿಯಿತು? ಬಸ್ಸಿನಲ್ಲಿ, ಅಂಗಡಿಯಲ್ಲಿ, ಆಟದ ಬಯಲಿನಲ್ಲಿ ತಾನಾಗಿ ಹಬ್ಬಿತು. ಆದರೆ ಓದು ಬರಹ ಹಾಗೆ ಬಾರದು. ಕನ್ನಡದ ಒತ್ತಕ್ಷರವನ್ನು ಯಾರಾದರೂ ಕೈಹಿಡಿದು ತಿದ್ದಿಸಲೇಬೇಕು.

ಶುಂಠಿ ಬೆಳೆದವರಿಗೆ ಇದು ಗೊತ್ತು. ನೆಟ್ಟ ತುಂಡಿನಲ್ಲಿ ಕಣ್ಣಿರಬೇಕು, ಸಾರವೂ ಇರಬೇಕು. ಹೊಸ ಬೇರು ಬಿಡುವ ತನಕ ಮೊಳಕೆಗೆ ಆ ಸಾರವೇ ಆಹಾರ. ಒಂದು ಭಾಷೆಯಲ್ಲಾದರೂ ತಡೆಯಿಲ್ಲದೆ ಓದಿ, ಯೋಚಿಸಿ, ತನ್ನ ಮಾತಿನಲ್ಲಿ ಅರ್ಧ ಪುಟ ಬರೆಯಬಲ್ಲ ಶಕ್ತಿಯೇ ಮಗುವಿನ ಬಿತ್ತನೆ ಗಡ್ಡೆ. ನಮ್ಮ ಮಕ್ಕಳಿಗೆ ಅದು ಕನ್ನಡದಲ್ಲಿ ದೊರೆಯುವಷ್ಟು ಸುಲಭವಾಗಿ ಬೇರೆಲ್ಲೂ ದೊರೆಯದು. ಅದಿಲ್ಲದೆ ಇಂಗ್ಲಿಷಿನ ತೆರೆದ ಕೋರ್ಸಿಗೆ ಸೇರಿಸಿದರೆ ಮಗು ಆ ‘ಮೂಕ್’ನಲ್ಲಿ ನಿಜಕ್ಕೂ ಮೂಕವಾಗುತ್ತದೆ.

ಆದ್ದರಿಂದ ಅಂತರ್ಜಾಲದ ಕಲಿಕೆ ಬೇಡವೆಂದು ನಾವು ಹೇಳುತ್ತಿಲ್ಲ. ಮಗು ಒಂಟಿಯಾಗಿ ಮೊಬೈಲಿನ ಮುಂದೆ ಕೂರುವುದು ಬೇಡ. ನೆರೆಕರೆಯ ಮೂರು ನಾಲ್ಕು ಮಕ್ಕಳು ಒಂದೇ ಕೋರ್ಸು ನೋಡಲಿ. ವಾರಕ್ಕೊಮ್ಮೆ ಒಂದು ಮನೆಯಲ್ಲಿ ಸೇರಿ, ಕಲಿತದ್ದನ್ನು ಕನ್ನಡದಲ್ಲಿ ಚರ್ಚಿಸಿ, ನೋಟುಪುಸ್ತಕದಲ್ಲಿ ಬರೆದಿಡಲಿ. ಹಿರಿಯರೊಬ್ಬರು ಅದನ್ನು ಓದಲಿ. ಇದಕ್ಕೆ ದೊಡ್ಡ ಖರ್ಚಿಲ್ಲ, ಯಾರ ಅಪ್ಪಣೆಯೂ ಬೇಕಿಲ್ಲ. ಹೆತ್ತವರು ಈ ಕಡೆ ಗಮನ ಕೊಡುವರೆಂದು ನಂಬಿದ್ದೇವೆ.