ವೇಷ ತೊಟ್ಟ ಕಮಿಷನರ್

ಪುಣೆಯ ಲಾ ಕಾಲೇಜ್ ರಸ್ತೆಯ ಗದ್ದಲ ದಾಟಿ ಫಿಲ್ಮ್ ಇನ್‌ಸ್ಟಿಟ್ಯೂಟಿನ ಗೇಟಿನೊಳಗೆ ಕಾಲಿಟ್ಟರೆ ಮರಗಳ ನಡುವೆ ಪ್ರಭಾತ್ ಸ್ಟುಡಿಯೊದ ಹಳೆಯ ಕಟ್ಟಡ ಕಾಣುತ್ತದೆ. ಪ್ರಭಾತ್ ಕಂಪನಿ ಕೊಲ್ಹಾಪುರ ಬಿಟ್ಟು ಇಲ್ಲಿಗೆ ಬಂದದ್ದು 1933ರಲ್ಲಿ. ಕಂಪನಿ ಮುಚ್ಚಿದ ಮೇಲೆ, 1960ರಲ್ಲಿ, ಸರ್ಕಾರ ಇದೇ ಜಾಗದಲ್ಲಿ ಸಿನಿಮಾ ಕಲಿಸುವ ಸಂಸ್ಥೆ ತೆರೆಯಿತು. ನಮ್ಮ ಗಿರೀಶ ಕಾಸರವಳ್ಳಿ ಕಲಿತದ್ದು ಇಲ್ಲೇ, ಗಿರೀಶ ಕಾರ್ನಾಡರು ನಿರ್ದೇಶಕರಾಗಿ ಕೂತದ್ದೂ ಇಲ್ಲೇ.

ಈ ಅಂಗಳದಿಂದ 1939ರಲ್ಲಿ ಒಬ್ಬ ಪೊಲೀಸ್ ಹೊರಬಂದ. ವಿ. ಶಾಂತಾರಾಂ ನಿರ್ದೇಶಿಸಿದ ‘ಮಾಣೂಸ್’ ಚಿತ್ರದ ನಾಯಕ ಬರೀ ಪೇದೆ. ವೇಶ್ಯಾಗೃಹದ ಮೇಲೆ ದಾಳಿ ನಡೆದ ರಾತ್ರಿ ಒಬ್ಬ ಹೆಣ್ಣನ್ನು ಹಿಡಿಯುವ ಬದಲು ಪಾರುಮಾಡುತ್ತಾನೆ, ಅವಳನ್ನು ಮದುವೆಯಾಗಲು ಹಂಬಲಿಸುತ್ತಾನೆ. ಪೇದೆಯ ಪಾತ್ರ ಶಾಹು ಮೋಡಕರದು. ಆ ಹೆಣ್ಣಾಗಿ ನಟಿಸಿದವರು ಶಾಂತಾ ಹುಬಳೀಕರ್, ಹುಬ್ಬಳ್ಳಿ ಪಕ್ಕದ ಅದರಗುಂಚಿಯವರು. ಶಾಂತಾರಾಂ ಕೂಡ ಹುಡುಗರಾಗಿದ್ದಾಗ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲೂ ಅಲ್ಲಿನ ಒಂದು ಟಾಕೀಸಿನಲ್ಲೂ ದುಡಿದವರು. ಪುಣೆಯ ಮೊದಲ ದೊಡ್ಡ ಪೊಲೀಸ್ ಸಿನಿಮಾದಲ್ಲಿ ಧಾರವಾಡ ಸೀಮೆಯ ಇಷ್ಟು ಮಣ್ಣಿದೆ ಎಂಬುದು ನನಗೆ ಹೆಮ್ಮೆಯ ಸಂಗತಿ. ಆ ಚಿತ್ರದ ಪೊಲೀಸನ ಕೈಯಲ್ಲಿ ಅಧಿಕಾರವೇ ಇಲ್ಲ. ಮೇಲಿನವರು ಕಳಿಸಿದಲ್ಲಿಗೆ ಹೋಗಬೇಕು, ನಿಲ್ಲಿಸಿದಲ್ಲಿ ನಿಲ್ಲಬೇಕು. ಅದಕ್ಕೇ ಅವನ ಸಂಕಟ ನೋಡುವವರಿಗೆ ನಾಟುತ್ತದೆ.

ಊರಿನ ಇನ್ನೊಂದು ಮಗ್ಗುಲಲ್ಲಿ, ಕ್ಯಾಂಪ್ ಕಡೆ, ಸಾಧು ವಾಸ್ವಾನಿ ಚೌಕದ ಹತ್ತಿರ ಪೊಲೀಸ್ ಕಮಿಷನರ್ ಕಚೇರಿ. 2010ರಲ್ಲಿ ಆ ಕುರ್ಚಿಗೆ ಮೀರಾ ಬೋರ್ವಣಕರ್ ಬಂದರು. ಪಂಜಾಬಿನ ಫಾಜಿಲ್ಕಾದಲ್ಲಿ ಹುಟ್ಟಿದವರು, 1981ರ ತಂಡದ ಐಪಿಎಸ್ ಅಧಿಕಾರಿ, ಮುಂಬೈ ಕ್ರೈಂ ಬ್ರಾಂಚ್ ನಡೆಸಿದ ಮೊದಲ ಮಹಿಳೆ. ಪುಣೆ ಅದುವರೆಗೆ ಹೆಣ್ಣೊಬ್ಬಳನ್ನು ಕಮಿಷನರ್ ಆಗಿ ಕಂಡಿರಲಿಲ್ಲ. 2014ರ ಆಗಸ್ಟ್‌ನಲ್ಲಿ ರಾಣಿ ಮುಖರ್ಜಿಯ ‘ಮರ್ದಾನಿ’ ತೆರೆಗೆ ಬಂದಾಗ, ಆ ಪಾತ್ರಕ್ಕೆ ಬೋರ್ವಣಕರ್ ಅವರೇ ಸ್ಫೂರ್ತಿ ಎಂದು ಪತ್ರಿಕೆಗಳು ಬರೆದವು.

ಆದರೆ ತೆರೆಯ ಶಿವಾನಿ ಶಿವಾಜಿ ರಾಯ್ ಕಮಿಷನರ್ ಅಲ್ಲ, ಕ್ರೈಂ ಬ್ರಾಂಚಿನ ಇನ್‌ಸ್ಪೆಕ್ಟರ್. ನಿಜಜೀವನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿದ ಅಧಿಕಾರಿಯನ್ನು ಸಿನಿಮಾ ಮತ್ತೆ ಕೆಳಗಿಳಿಸಿತು. ಯಾಕೆಂದರೆ ಇನ್‌ಸ್ಪೆಕ್ಟರ್ ಓಡಬಲ್ಲಳು, ಬಾಗಿಲು ಒದೆಯಬಲ್ಲಳು, ಕಾಣೆಯಾದ ಹುಡುಗಿಗಾಗಿ ಗಲ್ಲಿಗಲ್ಲಿ ಅಲೆಯಬಲ್ಲಳು. ಕಮಿಷನರ್ ಹಾಗೆ ಮಾಡುವಂತಿಲ್ಲ.

ನಮ್ಮ ಸಿನಿಮಾಗಳ ಕಮಿಷನರನ್ನು ನೆನಪಿಸಿಕೊಳ್ಳಿ. ಅಗಲವಾದ ಮೇಜು, ಗಾಜಿನ ಕೆಳಗೆ ಹಸಿರು ಬಟ್ಟೆ, ಮೂಲೆಯಲ್ಲಿ ಪುಟ್ಟ ಧ್ವಜ, ಎಡಗಡೆ ಟೋಪಿ, ಟೋಪಿಯ ಪಕ್ಕ ಕೋಲು. ನಾಯಕ ಬಂದು ಸೆಲ್ಯೂಟ್ ಹೊಡೆಯುತ್ತಾನೆ, ಕಮಿಷನರ್ ಫೈಲು ಮುಚ್ಚಿ ಬೈಯುತ್ತಾರೆ, ಇಪ್ಪತ್ನಾಲ್ಕು ಗಂಟೆಯ ಗಡುವು ಕೊಡುತ್ತಾರೆ. ಕೊನೆಯ ರೀಲಿನಲ್ಲಿ ಜೀಪುಗಳ ಹಿಂಡಿನೊಂದಿಗೆ ತಡವಾಗಿ ಬಂದಿಳಿಯುತ್ತಾರೆ. ಎಷ್ಟೋ ಒಳ್ಳೆಯ ನಟರು ಈ ಕುರ್ಚಿಯಲ್ಲೇ ಸವೆದುಹೋದರು. ನಾಯಕನಾಗಬೇಕಾದರೆ ಪದವಿ ಸಣ್ಣದಿರಬೇಕು. ಪುಣೆಯಲ್ಲಿ ನಟನೆ ಕಲಿತ ಓಂ ಪುರಿ 1983ರ ‘ಅರ್ಧಸತ್ಯ’ದಲ್ಲಿ ಸಬ್ ಇನ್‌ಸ್ಪೆಕ್ಟರ್. ಬೆಂಗಳೂರಿನಲ್ಲಿ ಛಾಯಾಗ್ರಹಣ ಓದಿದ ಗೋವಿಂದ ನಿಹಲಾನಿ ಅವರನ್ನು ಹೆಚ್ಚಿನ ಹೊತ್ತು ಠಾಣೆಯ ಉಸಿರುಕಟ್ಟಿನಲ್ಲೇ ಕೂರಿಸಿದರು. 1988ರಲ್ಲಿ ಶಂಕರನಾಗ್ ಸಾಂಗ್ಲಿಯಾನ ಆದಾಗಲೂ ಹೆಸರಿನ ಹಿಂದೆ ಇದ್ದದ್ದು ‘ಎಸ್.ಪಿ.’ ಮಾತ್ರ. ನಿಜವಾದ ಸಾಂಗ್ಲಿಯಾನ ಮುಂದೆ ಬೆಂಗಳೂರಿನ ಕಮಿಷನರ್ ಆದರು, 2004ರಲ್ಲಿ ಲೋಕಸಭೆಗೂ ಗೆದ್ದರು. ಜನರ ಬಾಯಲ್ಲಿ ಇವತ್ತಿಗೂ ಅವರು ಎಸ್.ಪಿ. ಸಾಂಗ್ಲಿಯಾನರೇ.

ದೊಡ್ಡ ಅಧಿಕಾರಿಯ ಅತಿ ಭಾರವಾದ ಕೆಲಸ ಕ್ಯಾಮೆರಾದ ಎದುರು ನಡೆಯುವುದೂ ಇಲ್ಲ. 2012ರ ನವೆಂಬರ್ 21ರ ಬೆಳಿಗ್ಗೆ ಪುಣೆಯ ಯೆರವಡಾ ಜೈಲಿನಲ್ಲಿ ಅಜ್ಮಲ್ ಕಸಬ್‌ನನ್ನು ಗಲ್ಲಿಗೇರಿಸಿದಾಗ ರಾಜ್ಯದ ಕಾರಾಗೃಹಗಳ ಹೊಣೆ ಬೋರ್ವಣಕರ್ ಅವರ ಮೇಲಿತ್ತು. ಎಲ್ಲ ಮುಗಿದ ಮೇಲಷ್ಟೇ ದೇಶಕ್ಕೆ ಸುದ್ದಿ ಗೊತ್ತಾಯಿತು. ಟಿವಿಯವರಿಗೆ ಅಂದು ಸಿಕ್ಕದ್ದು ಜೈಲಿನ ಹೊರಗೋಡೆ ಮಾತ್ರ.

ಇನ್ನು ಪಿಂಪ್ರಿಯ ಕಥೆ. ಪುಣೆಗೆ ಅಂಟಿಕೊಂಡ ಕಾರ್ಖಾನೆಗಳ ಊರು ಪಿಂಪ್ರಿ-ಚಿಂಚವಾಡ. 2018ರಲ್ಲಿ ಅದಕ್ಕೆ ಪ್ರತ್ಯೇಕ ಕಮಿಷನರೇಟ್ ಬಂತು. 2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆಯ ಕಾಲ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲ, ಆಂಬುಲೆನ್ಸಿನವರು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. ಒಂದು ರಾತ್ರಿ ಕಮಿಷನರ್ ಕೃಷ್ಣ ಪ್ರಕಾಶ್ ಸಮವಸ್ತ್ರ ಕಳಚಿಟ್ಟರು. ಅಂಟುಗಡ್ಡ, ವಿಗ್, ಕುರ್ತಾ. ಹೆಸರು ಜಮಾಲ್ ಖಾನ್. ಹೆಂಡತಿಯ ಪಾತ್ರಕ್ಕೆ ಸಹಾಯಕ ಕಮಿಷನರ್ ಪ್ರೇರಣಾ ಕಟ್ಟೆ. ಐರನ್‌ಮ್ಯಾನ್ ಓಟ, ಈಜು, ಸೈಕಲ್ ಮುಗಿಸಿದ ಆ ದೃಢಕಾಯವನ್ನು ಸಾಮಾನ್ಯ ಗೃಹಸ್ಥನಂತೆ ಬಗ್ಗಿಸಿ ಒಂದೊಂದೇ ಠಾಣೆಗೆ ನಡೆದರು.

ಪಿಂಪ್ರಿ ಠಾಣೆಯಲ್ಲಿ ದಂಪತಿ ಹೇಳಿಕೊಂಡದ್ದು ಆಂಬುಲೆನ್ಸಿನ ಸುಲಿಗೆಯನ್ನು: ರೋಗಿಯನ್ನು ಸಾಗಿಸಲು ಮನಸ್ಸಿಗೆ ಬಂದಷ್ಟು ಹಣ ಕೇಳುತ್ತಿದ್ದಾರೆ, ಏನಾದರೂ ಮಾಡಿ. ಅಲ್ಲಿದ್ದವರು ಅದು ತಮ್ಮ ಕೆಲಸವಲ್ಲ ಎಂಬಂತೆ ಕೈಚೆಲ್ಲಿದರು. ಯಾರ ಮುಂದೆ ಕೈಚೆಲ್ಲಿದೆವು ಎಂದು ಗೊತ್ತಾದಾಗ ಹೊತ್ತು ಮೀರಿತ್ತು, ವಿವರಣೆ ಕೊಡಬೇಕಾಯಿತು. ಹಿಂಜವಾಡಿ ಮತ್ತು ವಾಕಡ್ ಠಾಣೆಗಳಲ್ಲಿ ಹಾಗಾಗಲಿಲ್ಲ. ಅಲ್ಲಿಯ ಸಿಬ್ಬಂದಿ ಬಂದವರ ಮಾತು ಕೇಳಿದರು, ನಿಯಮದಂತೆ ನಡೆದುಕೊಂಡರು.

ಮಾರುವೇಷದ ಸಾಂಗ್ಲಿಯಾನ ಕಥೆಗಳನ್ನು ಕೇಳಿ ಬೆಳೆದ ಕನ್ನಡಿಗರಿಗೆ ಈ ಸುದ್ದಿ ಓದಿ ಮೈ ಜುಮ್ಮೆಂದಿರಬೇಕು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಕಥೆ ಕಟ್ಟುವವರು ಮರ್ದಾನಿಯ ಪದವಿ ಇಳಿಸಿದ ಕಾರಣಕ್ಕೇ ಈ ಕಮಿಷನರ್ ತನ್ನ ಪದವಿಯನ್ನು ತಾನೇ ಇಳಿಸಿಕೊಂಡರು. ಎತ್ತರದ ಕುರ್ಚಿಯಿಂದ ಠಾಣೆಯ ಮರದ ಬೆಂಚು ಕಾಣುವುದಿಲ್ಲ. ಅವರು ಭೇಟಿಗೆ ಹೋದರೆ ನೆಲ ಒರೆಸಿರುತ್ತದೆ, ಎಲ್ಲರೂ ಎದ್ದು ನಿಂತಿರುತ್ತಾರೆ, ರಿಜಿಸ್ಟರು ಸರಿಯಾಗಿರುತ್ತದೆ. ಮಧ್ಯರಾತ್ರಿ ದೂರು ಹೊತ್ತು ಬಂದ ಬಡವನಿಗೆ ಕುರ್ಚಿ ಸಿಗುತ್ತದೆಯೇ, ಬೈಗುಳ ಸಿಗುತ್ತದೆಯೇ ಎಂದು ಆ ಬಡವನಾಗಿಯೇ ಹೋಗಿ ನೋಡಬೇಕು. ನಟನೆಯನ್ನು ಇದಕ್ಕಿಂತ ಒಳ್ಳೆಯ ಕೆಲಸಕ್ಕೆ ಬಳಸಿದ ಪೊಲೀಸ್ ಅಧಿಕಾರಿ ನನಗೆ ತಟ್ಟನೆ ನೆನಪಾಗುವುದಿಲ್ಲ.

ಸುದ್ದಿವಾಹಿನಿಗಳು ಆ ಗಡ್ಡ, ಆ ವಿಗ್ಗನ್ನು ಮತ್ತೆ ಮತ್ತೆ ತೋರಿಸಿದವು. ಸೋತ ಪಿಂಪ್ರಿಯ ಬಗ್ಗೆ ಚರ್ಚೆಯಾಯಿತು. ಗಡ್ಡದ ಅಪರಿಚಿತನನ್ನೂ ಅವನ ಹೆಂಡತಿಯನ್ನೂ ಗೌರವದಿಂದ ಕಂಡ ಆ ಎರಡು ಠಾಣೆಗಳ ಸಿಬ್ಬಂದಿ ತೆರೆಯ ಮೇಲೆ ಬರಲಿಲ್ಲ. ಎದುರಿಗಿರುವವರು ಯಾರೆಂದು ತಿಳಿಯದೆಯೂ ಪೆನ್ನು ಎತ್ತಿಕೊಂಡ ಆ ಜನರ ಮೇಲೆ ಯಾರಾದರೂ ಒಂದು ಸಿನಿಮಾ ಮಾಡಿದರೆ ಮೊದಲ ಆಟಕ್ಕೇ ಟಿಕೆಟ್ ಕೊಳ್ಳುತ್ತೇನೆ.