ಸಹಿಯಿಲ್ಲದ ಕಲೆ: ಜಾಹೀರಾತು ವಿನ್ಯಾಸಕಾರನ ದಿನಚರಿ

ಪತ್ರಿಕೆಯಲ್ಲಿ ಕಥೆಯೊಂದು ಅಚ್ಚಾದರೆ ಅದರ ಜೊತೆಗೆ ಕಥೆಗಾರನ ಹೆಸರಿರುತ್ತದೆ. ವ್ಯಂಗ್ಯಚಿತ್ರದ ಮೂಲೆಯಲ್ಲಿ ಚಿತ್ರಕಾರನ ಸಹಿಯಿರುತ್ತದೆ. ಅದೇ ಪುಟದ ಅರ್ಧಭಾಗವನ್ನು ಆವರಿಸಿಕೊಂಡ ಜಾಹೀರಾತಿಗೆ ಮಾತ್ರ ಕರ್ತೃವಿಲ್ಲ. ಮಾರಾಟವಾಗುವ ಸಾಬೂನಿಗೆ ಹೆಸರುಂಟು, ಅದನ್ನು ನಮ್ಮ ಕಣ್ಣಿಗೆ ಕಟ್ಟುವಂತೆ ಮಾಡಿದವನಿಗೆ ಇಲ್ಲ. ಈ ಅನಾಮಧೇಯನ ಕೆಲಸವೆಂತಹುದು, ಅದಕ್ಕೂ ಸಾಹಿತ್ಯಾಸಕ್ತರಾದ ನಮಗೂ ಏನು ಸಂಬಂಧ ಎಂಬುದನ್ನು ವಿಚಾರಿಸೋಣ.

ಆತನ ದಿನ ಆರಂಭವಾಗುವುದು ಕುಂಚದಿಂದಲ್ಲ, ಕಾಗದದಿಂದ. ಏನನ್ನು ಮಾರಬೇಕು, ಯಾರಿಗೆ, ಯಾವ ಒಂದು ಮಾತನ್ನು ಹೇಳಬೇಕು, ಎಷ್ಟು ಜಾಗ, ಯಾವ ದಿನದೊಳಗೆ ಎಂಬ ವಿವರಗಳ ಈ ಹಾಳೆಗೆ ಆ ವೃತ್ತಿಯಲ್ಲಿ ಬ್ರೀಫ್ ಎಂದು ಹೆಸರು. ಅದನ್ನು ಹಿಡಿದು ವಿನ್ಯಾಸಕಾರನೂ, ಕಾಪಿರೈಟರ್ ಎನ್ನಿಸಿಕೊಳ್ಳುವ ಬರಹಗಾರನೂ ಜೊತೆಗೆ ಕುಳಿತುಕೊಳ್ಳುತ್ತಾರೆ. ಹಿಂದೆ ಬರಹಗಾರ ಬರೆದು ಕಳುಹಿಸಿದ್ದನ್ನು ಚಿತ್ರಕಾರ ಅಲಂಕರಿಸುತ್ತಿದ್ದನು. ಇಬ್ಬರನ್ನೂ ಮೊದಲಿನಿಂದಲೇ ಜೊತೆಗೂಡಿಸುವ ಕ್ರಮ ಹೆಸರಾದುದು 1949ರಲ್ಲಿ ನ್ಯೂಯಾರ್ಕಿನಲ್ಲಿ ಸ್ಥಾಪನೆಯಾದ ಡಾಯ್ಲ್ ಡೇನ್ ಬರ್ನ್‌ಬ್ಯಾಕ್ ಸಂಸ್ಥೆಯಿಂದ.

ಆಮೇಲೆ ಹೆಬ್ಬೆರಳಿನಷ್ಟು ಗಾತ್ರದ ಗೀಚುಚಿತ್ರಗಳು ಹತ್ತಾರು ಮೂಡುತ್ತವೆ. ಹೆಚ್ಚಿನವು ಬುಟ್ಟಿ ಸೇರುತ್ತವೆ. ಉಳಿದ ಎರಡು ಮೂರು ಹಿರಿಯರ ಮುಂದೆ, ಅನಂತರ ಹಣ ಕೊಡುವ ಗ್ರಾಹಕರ ಮುಂದೆ ಹೋಗುತ್ತವೆ. ಕಂಪನಿಯ ಗುರುತು ದೊಡ್ಡದಾಗಲಿ ಎಂದು ಒಬ್ಬರು, ಖಾಲಿ ಬಿಟ್ಟ ಜಾಗದಲ್ಲಿ ಇನ್ನೆರಡು ಸಾಲು ತುಂಬಲಿ ಎಂದು ಇನ್ನೊಬ್ಬರು. ಆ ಖಾಲಿ ಜಾಗವೇ ಮಾತಿಗೆ ಉಸಿರು ಎಂದು ವಾದಿಸುವುದು, ಸೋತಾಗ ತಿದ್ದಿ ಕೊಡುವುದು, ಎರಡೂ ಆತನ ನಿತ್ಯಕರ್ಮ. ಒಪ್ಪಿಗೆ ದೊರೆತ ಚಿತ್ರವನ್ನು ಪತ್ರಿಕೆಯ ಅಂಕಣಕ್ಕೆ, ರಸ್ತೆಯ ಫಲಕಕ್ಕೆ, ಈಗ ಅಂಗೈಯ ಫೋನಿಗೂ ಬೇರೆ ಬೇರೆಯಾಗಿ ಅಳತೆಗೊಳಿಸಬೇಕು. ಕತ್ತರಿ, ಅಂಟು, ಕುಂಚಗಳು ಹೋಗಿ ಕಂಪ್ಯೂಟರ್ ಬಂದಿದೆ. ದಿನದ ಕ್ರಮ ಹೆಚ್ಚು ಬದಲಾಗಿಲ್ಲ.

ಇದು ಬರಿಯ ಹೊಟ್ಟೆಪಾಡಿನ ಕೆಲಸವೆಂದು ಮೂಗು ಮುರಿಯುವವರು ಸತ್ಯಜಿತ್ ರಾಯ್ ಅವರನ್ನು ನೆನೆಯಬೇಕು. ಶಾಂತಿನಿಕೇತನದಲ್ಲಿ ನಂದಲಾಲ್ ಬೋಸರ ಬಳಿ ಕಲಿತ ರಾಯ್, 1943ರಲ್ಲಿ ಕಲ್ಕತ್ತೆಯ ಡಿ. ಜೆ. ಕೀಮರ್ ಎಂಬ ಬ್ರಿಟಿಷ್ ಜಾಹೀರಾತು ಸಂಸ್ಥೆಯನ್ನು ಸೇರಿದರು. ಹುದ್ದೆ ಜೂನಿಯರ್ ವಿಷುವಲೈಸರ್. ಸಂಬಳ ತಿಂಗಳಿಗೆ 80 ರೂಪಾಯಿ. ಅಲ್ಲಿನ ಸಹೋದ್ಯೋಗಿ ಡಿ. ಕೆ. ಗುಪ್ತ ಅವರು ಸಿಗ್ನೆಟ್ ಪ್ರೆಸ್ ಎಂಬ ಪ್ರಕಾಶನವನ್ನು ತೆರೆದಾಗ ಅದರ ಹೊದಿಕೆಗಳನ್ನು ರಚಿಸುವ ಹೊಣೆ ರಾಯ್ ಅವರ ಪಾಲಿಗೆ ಬಂದಿತು. ವಿಭೂತಿಭೂಷಣರ ‘ಪಥೇರ್ ಪಾಂಚಾಲಿ’ಯ ಮಕ್ಕಳ ಸಂಕ್ಷಿಪ್ತ ಆವೃತ್ತಿಗೆ ಚಿತ್ರ ಬರೆಯುತ್ತಿದ್ದಾಗಲೇ ಚಲನಚಿತ್ರದ ಬೀಜ ಮೊಳೆಯಿತು. 1950ರಲ್ಲಿ ಕಚೇರಿಯೇ ಅವರನ್ನು ಲಂಡನ್ನಿಗೆ ಕಳುಹಿಸಿತು. ‘ಬೈಸಿಕಲ್ ಥೀವ್ಸ್’ ಅನ್ನು ಅವರು ನೋಡಿದ್ದು ಅಲ್ಲಿ. 1952ರಲ್ಲಿ ಚಿತ್ರೀಕರಣಕ್ಕೆ ತೊಡಗಿದಾಗಲೂ ಉದ್ಯೋಗವನ್ನು ಬಿಟ್ಟಿರಲಿಲ್ಲ. 1955ರಲ್ಲಿ ತೆರೆಕಂಡ ಆ ಚಿತ್ರದ ದೃಶ್ಯಗಳನ್ನು ಅವರು ಮೊದಲು ರೇಖೆಗಳಲ್ಲಿ ಬರೆದಿಟ್ಟುಕೊಂಡಿದ್ದರು. ಒಂದೇ ನೋಟದಲ್ಲಿ ಅರ್ಥವಾಗುವಂತೆ ಹೇಳು, ಹೆಚ್ಚಾದುದನ್ನು ಅಳಿಸು ಎಂಬ ಕಚೇರಿಯ ಶಿಸ್ತು ಇಲ್ಲಿ ಕಲೆಯ ಕೈ ಹಿಡಿದಿದೆ. ಮುಂದೆಯೂ ತಮ್ಮ ಚಿತ್ರಗಳ ಭಿತ್ತಿಪತ್ರಗಳಿಗೆ ಬಂಗಾಳಿ ಅಕ್ಷರಗಳನ್ನು ಅವರು ತಾವೇ ಬರೆದರು.

ಈ ಕೊನೆಯ ಮಾತು ಕನ್ನಡಿಗರಾದ ನಮ್ಮನ್ನು ತಟ್ಟಬೇಕು. ರಾಯ್ ತಾವು ಬರೆದ ಅಕ್ಷರವನ್ನು ಓದಬಲ್ಲವರಾಗಿದ್ದರು. ಇಂದು ನಮ್ಮ ಬೀದಿಗಳ ಎಷ್ಟೋ ಜಾಹೀರಾತುಗಳು ಮೊದಲು ಇಂಗ್ಲಿಷಿನಲ್ಲಿ ರೂಪುಗೊಂಡು, ಕೊನೆಯ ಗಳಿಗೆಯಲ್ಲಿ ಕನ್ನಡವನ್ನು ಹೊದ್ದುಕೊಂಡು ಬರುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಗೆರೆಯ ಮೇಲೆ ಸಾಲಾಗಿ ನಿಲ್ಲುತ್ತವೆ. ಕನ್ನಡಕ್ಕಾದರೋ ಗೆರೆಯ ಕೆಳಗೂ ಬದುಕುಂಟು. ‘ರಾಷ್ಟ್ರ’ ಎಂದು ಬರೆದು ನೋಡಿ: ಷಕಾರಕ್ಕೆ ಎರಡು ಒತ್ತುಗಳು ಜೋತುಬೀಳುತ್ತವೆ. ಇಂಗ್ಲಿಷಿಗೆಂದು ಕೊರೆದ ಇಕ್ಕಟ್ಟಿನ ಪಟ್ಟಿಯಲ್ಲಿ ಈ ಒತ್ತುಗಳು ಕೆಳಸಾಲಿನ ತಲೆಕಟ್ಟಿಗೆ ಡಿಕ್ಕಿ ಹೊಡೆಯುತ್ತವೆ. ಲಿಪಿಗೆ ಒಗ್ಗದ ತಂತ್ರಾಂಶದಲ್ಲಿ ಕಳಚಿಯೂ ಬೀಳುತ್ತವೆ. ಕನ್ನಡ ಓದಲಾರದ ವಿನ್ಯಾಸಕಾರನಿಗೆ ಅದು ತಪ್ಪೆಂದೇ ತೋರದು. ಅವನ ಪಾಲಿಗೆ ಅದು ಅಕ್ಷರವಲ್ಲ, ಬಳ್ಳಿಯ ಚಿತ್ತಾರ.

ಪುಸ್ತಕವನ್ನು ಎಂದೂ ಮುಟ್ಟದವನೂ ಬೀದಿಯ ಫಲಕವನ್ನು ಓದುತ್ತಾನೆ. ಅಕ್ಷರ ಕಲಿಯುವ ಮಗು ಬಸ್ಸಿನ ಕಿಟಕಿಯಿಂದ ಅದನ್ನೇ ಕೂಡಿಸಿ ಓದುತ್ತದೆ. ಆದುದರಿಂದ ಈ ಸಹಿಯಿಲ್ಲದ ಕಲಾವಿದ ತಿಳಿದೋ ತಿಳಿಯದೆಯೋ ನಮ್ಮ ಲಿಪಿಯ ಕಾವಲುಗಾರನಾಗಿದ್ದಾನೆ. ಕನ್ನಡಿಗರಿಗೆ ಸರಕು ಮಾರುವ ಸಂಸ್ಥೆಗಳು ಬ್ರೀಫ್ ಬಿಚ್ಚುವ ಮೊದಲ ಗಳಿಗೆಯಲ್ಲಿಯೇ ಕನ್ನಡ ಬಲ್ಲ ಬರಹಗಾರನನ್ನೂ ವಿನ್ಯಾಸಕಾರನನ್ನೂ ಜೊತೆಗೆ ಕೂರಿಸಲಿ. ಇದು ಭಾಷಾಭಿಮಾನದ ಬೇಡಿಕೆ ಮಾತ್ರವಲ್ಲ. ಓದಲು ಬಾರದಂತೆ ಬರೆದ ಜಾಹೀರಾತು ವ್ಯಾಪಾರಕ್ಕೂ ನಷ್ಟವೇ.